ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸುವುದು ಹೇಗೆ

ದುಬೈ, ಮಸ್ಕತ್, ಲಂಡನ್, ಸಿಂಗಪುರ, ಮಗು ಎಲ್ಲೇ ಹುಟ್ಟಿರಲಿ, ಪಾಸ್‌ಪೋರ್ಟ್ ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಅದಕ್ಕೂ ಮೊದಲಿನ ಎರಡು ಕೆಲಸಗಳಲ್ಲಿ: ಆಸ್ಪತ್ರೆಯಲ್ಲಿ ಬರೆಸಿದ ಹೆಸರು ಮತ್ತು ಭಾರತದ ಕಾನ್ಸುಲೇಟಿನಲ್ಲಿ ಮಾಡಿಸಬೇಕಾದ ಜನನ ನೋಂದಣಿ. ಇವೆರಡು ಸರಿಯಿದ್ದರೆ ಉಳಿದದ್ದು ಬರೀ ಓಡಾಟ.

ಮೊದಲು, ಯಾವ ದೇಶದ ಪಾಸ್‌ಪೋರ್ಟ್?

ಕೊಲ್ಲಿ ದೇಶಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಭಾರತೀಯ ತಂದೆತಾಯಿಯ ಮಗುವಿಗೆ ಪೌರತ್ವ ಸಿಗುವುದಿಲ್ಲ, ಭಾರತದ ಪಾಸ್‌ಪೋರ್ಟೇ ಬೇಕು. ಸಿಂಗಪುರದಲ್ಲೂ ಹಾಗೆಯೇ. ಬ್ರಿಟನ್ನಿನಲ್ಲಿ ತಂದೆತಾಯಿ ಇಬ್ಬರೂ ಕೆಲಸದ ವೀಸಾದಲ್ಲಿದ್ದರೆ ಮಗು ಬ್ರಿಟಿಷ್ ಅಲ್ಲ, ಭಾರತದ ಪಾಸ್‌ಪೋರ್ಟೇ ಬೇಕು. ಹುಟ್ಟುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ಐಎಲ್‌ಆರ್ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಬಂದಿದ್ದರೆ ಮಗು ಹುಟ್ಟುತ್ತಲೇ ಬ್ರಿಟಿಷ್. ಆಸ್ಟ್ರೇಲಿಯಾದಲ್ಲೂ ಒಬ್ಬರಿಗೆ ಪಿಆರ್ (ಕಾಯಂ ವಾಸದ ಹಕ್ಕು) ಇದ್ದರೆ ಮಗು ಆ ದೇಶದ್ದು. ಜರ್ಮನಿಯಲ್ಲಿ 2024ರ ಜೂನ್ 27ರಿಂದ ನಿಯಮ ಸಡಿಲವಾಗಿದೆ: ತಂದೆ ಅಥವಾ ತಾಯಿ 5 ವರ್ಷ ಕಾನೂನುಬದ್ಧವಾಗಿ ಅಲ್ಲಿದ್ದು ಕಾಯಂ ವಾಸದ ಹಕ್ಕು ಪಡೆದಿದ್ದರೆ ಮಗುವಿಗೆ ಜರ್ಮನ್ ಪೌರತ್ವ. ಮೊದಲು ಇದು 8 ವರ್ಷ ಇತ್ತು.

ಅಮೆರಿಕದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ. ಆ ದೇಶದ ಕಾನೂನು ತನ್ನ ಪ್ರಜೆಗಳು ತನ್ನ ಪಾಸ್‌ಪೋರ್ಟಿನಲ್ಲೇ ಬಂದುಹೋಗಬೇಕು ಎನ್ನುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಹಾಗಾಗಿ ಅಲ್ಲಿನವರು ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ, ಮಗುವಿಗೆ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ತೆಗೆಸುವುದೇ ರೂಢಿ. ಎರಡು ದೇಶದ ಪಾಸ್‌ಪೋರ್ಟ್ ಎರಡು ಜೇಬಿನಲ್ಲಿ ಇಟ್ಟುಕೊಳ್ಳೋಣ ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ನೋಂದಣಿ ಅರ್ಜಿಯಲ್ಲೇ ‘ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ’ ಎಂದು ತಂದೆತಾಯಿ ಸಹಿ ಹಾಕಿ ಘೋಷಿಸಬೇಕು. ಮುಂದಿನದೆಲ್ಲ ಭಾರತದ ಪಾಸ್‌ಪೋರ್ಟ್ ಮಾಡಿಸುವವರಿಗೆ.

ಹೆಸರು: ಆಸ್ಪತ್ರೆಯ ಬಾಗಿಲಲ್ಲೇ ತೀರ್ಮಾನ

ನಮ್ಮಲ್ಲಿ ನಾಮಕರಣ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ. ಆಸ್ಪತ್ರೆಯವರು ಡಿಸ್ಚಾರ್ಜ್ ಆಗುವ ಮೊದಲೇ ಹೆಸರು ಕೇಳುವುದುಂಟು. ಆಗ ಗಡಿಬಿಡಿಯಲ್ಲಿ ಒಂದು ಹೆಸರು ಬರೆಸಿ, ಊರಿನಲ್ಲಿ ಅಜ್ಜ ಪಂಚಾಂಗ ನೋಡಿ ಇನ್ನೊಂದು ಹೇಳಿದ ಮೇಲೆ ಬದಲಿಸಲು ಹೊರಟರೆ ಜನನ ಪ್ರಮಾಣಪತ್ರದಿಂದಲೇ ತಿದ್ದುಪಡಿ ಶುರು. ಏಳನೆಯ ತಿಂಗಳಲ್ಲೇ ಗಂಡಿಗೊಂದು ಹೆಣ್ಣಿಗೊಂದು ಹೆಸರು, ಇಂಗ್ಲಿಷ್ ಅಕ್ಷರಗಳ ಸಮೇತ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತೊಟ್ಟಿಲಲ್ಲಿ ಕಿವಿಗೆ ಊದುವ ಹೆಸರು, ಮನೆದೇವರ ಹೆಸರು ಎಷ್ಟು ಬೇಕಾದರೂ ಇರಲಿ, ಕಾಗದದ ಮೇಲೆ ಒಂದೇ ಇರಲಿ.

ಅಕ್ಷರದ ಗೊಂದಲ ಕನ್ನಡಿಗರಿಗೆ ತುಸು ಹೆಚ್ಚೇ. ‘ಲತಾ’ ಬರೆಯಲು ನಾವು ಟಿ ಪಕ್ಕ ಎಚ್ ಹಾಕುತ್ತೇವೆ, ಉತ್ತರದವರು ಬರೀ ಟಿ. ‘ದೀಕ್ಷಾ’ಕ್ಕೆ ಒಬ್ಬರು ಎಕ್ಸ್ ಬರೆದರೆ ಇನ್ನೊಬ್ಬರು ಕೆ, ಎಸ್, ಎಚ್. ಯಾವುದಾದರೂ ಸರಿ, ಜನನ ಪ್ರಮಾಣಪತ್ರ, ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲೂ ಅದೇ ಇರಬೇಕು. ಅರಬ್ ದೇಶಗಳಲ್ಲಿ ಇನ್ನೊಂದು ತೊಡಕಿದೆ. ಅರಬಿಯಲ್ಲಿ ‘ಪ’ ಇಲ್ಲ, ಅದು ‘ಬ’ ಆಗುತ್ತದೆ. ಪ್ರಮಾಣಪತ್ರ ಬರೀ ಅರಬಿಯಲ್ಲಿದ್ದು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿಸುವಾಗ ಪಾಟೀಲರು ‘ಬಾಟೀಲ್’ ಆಗಿ, ಪೃಥ್ವಿ ‘ಬ್ರಿತ್ವಿ’ಯಾಗಿ ಹೊರಬರಬಹುದು. ಅನುವಾದಕರ ಕೈಗೆ ನಿಮ್ಮಿಬ್ಬರ ಪಾಸ್‌ಪೋರ್ಟಿನ ಜೆರಾಕ್ಸನ್ನೂ ಮಗುವಿನ ಹೆಸರಿನ ಚೀಟಿಯನ್ನೂ ಕೊಡಿ. ಮುದ್ರೆ ಒತ್ತುವ ಮುನ್ನ ಕರಡನ್ನು ಓದಿ.

ಇನ್ನು ಸರ್‌ನೇಮ್. ಕರಾವಳಿಯ ಶೆಟ್ಟಿ, ಪೈ, ಕಾಮತರಿಗೂ ಉತ್ತರ ಕರ್ನಾಟಕದ ಪಾಟೀಲ, ಕುಲಕರ್ಣಿಗಳಿಗೂ ತೊಂದರೆಯಿಲ್ಲ. ಹಳೇ ಮೈಸೂರಿನ ಕಡೆ ಹೆಸರಿನ ಮುಂದೆ ಊರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆಯೆಂದು ಮಗುವಿನದನ್ನೂ ಖಾಲಿ ಬಿಡಬೇಡಿ. ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಬಿಗಿ ಮಾಡಿತು. ಅಪ್ಪನ ಹೆಸರನ್ನೇ ಮಗುವಿನ ಸರ್‌ನೇಮ್ ಮಾಡುವುದು ಸರಳ ದಾರಿ. ಮುಂದೆ ತಮ್ಮನೋ ತಂಗಿಯೋ ಹುಟ್ಟಿದಾಗಲೂ ಅದನ್ನೇ ಮುಂದುವರಿಸಿ.

ಜನನ ನೋಂದಣಿ: ಒಂದು ವರ್ಷದ ಗಡುವು

1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, 2004ರ ಡಿಸೆಂಬರ್ 3ರಂದು ಅಥವಾ ಅದರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು, ತಂದೆತಾಯಿಯಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೂ, ತಾನಾಗಿಯೇ ಭಾರತೀಯನಾಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ಅಲ್ಲಿನ ನಗರಸಭೆ ಕೊಟ್ಟ ಜನನ ಪ್ರಮಾಣಪತ್ರವೇ ಬೇರೆ, ಈ ನೋಂದಣಿಯೇ ಬೇರೆ. ‘ಪ್ರಯಾಣವೇ ಇಲ್ಲವಲ್ಲ, ಪಾಸ್‌ಪೋರ್ಟ್ ಈಗೇಕೆ’ ಎಂದು ಸುಮ್ಮನಿದ್ದವರು ಎಡವುವುದು ಇಲ್ಲೇ, ಅದೂ ಹೆಚ್ಚಾಗಿ ಬ್ರಿಟನ್, ಯುರೋಪಿನಲ್ಲಿ. ವರ್ಷ ದಾಟಿದರೆ ಬಾಗಿಲು ಮುಚ್ಚಿತೆಂದಲ್ಲ, ಆದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ತಡವಾದ ಕಾರಣ ಬರೆದುಕೊಡಬೇಕು, ಕಡತ ದೆಹಲಿಗೆ ಹೋಗಿ ಬರಬೇಕು.

ಇದಕ್ಕೆ ಕೇಂದ್ರ ಗೃಹ ಸಚಿವಾಲಯದ ಪೌರತ್ವ ಜಾಲತಾಣದಲ್ಲಿ ಫಾರಂ 1 ತುಂಬಿ, ಪ್ರಿಂಟ್ ತೆಗೆದು, ದಾಖಲೆಗಳ ಜೊತೆ ಕೊಡಬೇಕು. ಮಗುವಿನ ಒರಿಜಿನಲ್ ಜನನ ಪ್ರಮಾಣಪತ್ರ, ತಂದೆತಾಯಿಯ ಪಾಸ್‌ಪೋರ್ಟ್, ವಾಸದ ವೀಸಾ, ಮದುವೆಯ ದಾಖಲೆ, ಇವು ಮುಖ್ಯ. ಅರ್ಜಿಗೆ ಇಬ್ಬರೂ ಸಹಿ ಹಾಕಬೇಕು. ಬಹಳ ಕಡೆ ನೋಂದಣಿಯನ್ನೂ ಪಾಸ್‌ಪೋರ್ಟ್ ಅರ್ಜಿಯನ್ನೂ ಒಂದೇ ಸಲ ತೆಗೆದುಕೊಳ್ಳುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವ ಮುಂಚೆ ನಿಮ್ಮ ಕಾನ್ಸುಲೇಟಿನ ಪಟ್ಟಿ ನೋಡಿಕೊಳ್ಳಿ, ಪ್ರತಿ ದೇಶದಲ್ಲೂ ಒಂದೆರಡು ಕಾಗದ ಹೆಚ್ಚುಕಡಿಮೆ ಇರುತ್ತವೆ. ನೋಂದಣಿಯಾದಾಗ ಸಿಗುವ ಪತ್ರ ಜೋಪಾನ. ಮುಂದೆ ಪೌರತ್ವದ ಪ್ರಶ್ನೆ ಎದ್ದರೆ ತೋರಿಸಬೇಕಾದದ್ದು ಅದೇ.

ಯುಎಇಯಲ್ಲಿ ಇರುವವರಿಗೆ ಒಂದು ವರ್ಷ ಎನ್ನುವುದು ಹೆಸರಿಗಷ್ಟೇ. ಅಲ್ಲಿ ಹುಟ್ಟಿದ 120 ದಿನಗಳೊಳಗೆ ಮಗುವಿಗೆ ರೆಸಿಡೆನ್ಸ್ ವೀಸಾ ಆಗಬೇಕು, ಆಮೇಲೆ ದಿನದ ಲೆಕ್ಕದಲ್ಲಿ ದಂಡ. ಪಾಸ್‌ಪೋರ್ಟ್ ಇಲ್ಲದೆ ವೀಸಾ ಇಲ್ಲ. ಹಿಂದಿನಿಂದ ಲೆಕ್ಕ ಹಾಕಿದರೆ ಜನನ ಪ್ರಮಾಣಪತ್ರ ಮೊದಲ ಮೂರು ವಾರದಲ್ಲಿ ಕೈಗೆ ಬಂದು, ನಲವತ್ತೈದು ದಿನದೊಳಗೆ ಪಾಸ್‌ಪೋರ್ಟ್ ಅರ್ಜಿ ಒಳಗೆ ಬಿದ್ದಿರಬೇಕು. ಬಾಣಂತನಕ್ಕೆ ಊರಿಗೆ ಹೋಗುವ ಯೋಚನೆಯಿದ್ದರೆ ಇನ್ನೂ ಬೇಗ.

ಮೊದಲು ನಿಮ್ಮಿಬ್ಬರ ಪಾಸ್‌ಪೋರ್ಟ್ ತೆರೆದು ನೋಡಿ

ಕೊನೆಯ ಪುಟದಲ್ಲಿ ಗಂಡನ ಅಥವಾ ಹೆಂಡತಿಯ ಹೆಸರಿನ ಸಾಲು ಇದೆ. ಮದುವೆಗೆ ಮುಂಚೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಅದು ಖಾಲಿ. ಆಗ ಮದುವೆ ನೋಂದಣಿ ಪ್ರಮಾಣಪತ್ರ ಕೇಳುತ್ತಾರೆ. ಕಲ್ಯಾಣಮಂಟಪದ ರಸೀದಿ, ಲಗ್ನಪತ್ರಿಕೆ, ದೇವಸ್ಥಾನದ ಚೀಟಿ ಸಾಲದು, ಉಪನೋಂದಣಾಧಿಕಾರಿ ಕಚೇರಿಯದೇ ಬೇಕು. ಮದುವೆಯಾಗಿ ಹತ್ತು ವರ್ಷವಾದರೂ ಅದನ್ನು ಮಾಡಿಸದವರು ಕರ್ನಾಟಕದಲ್ಲಿ ಬೇಕಾದಷ್ಟಿದ್ದಾರೆ. ಸಮಯವಿದ್ದರೆ ಗರ್ಭಿಣಿಯಿದ್ದಾಗಲೇ ಇಬ್ಬರ ಪಾಸ್‌ಪೋರ್ಟನ್ನೂ ಪರಸ್ಪರರ ಹೆಸರು ಸೇರಿಸಿ ರೀಇಶ್ಯೂ ಮಾಡಿಸಿಬಿಡಿ. ಅವಧಿ ಮುಗಿಯಲು ಬಂದಿದ್ದರಂತೂ ಕಡ್ಡಾಯ ಎಂದೇ ತಿಳಿಯಿರಿ.

ಅರ್ಜಿ, ಫೋಟೊ, ಹೆಬ್ಬೆಟ್ಟು

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ವಿದೇಶದ ಕಚೇರಿಗಳಿಗೇ ಬೇರೆ ವಿಭಾಗವಿದೆ. ಭಾರತದೊಳಗಿನ ವಿಭಾಗದಲ್ಲಿ ಖಾತೆ ತೆರೆದು ಬೆಂಗಳೂರಿನ ಕಚೇರಿ ಆರಿಸಿಕೊಂಡರೆ ಆ ಅರ್ಜಿ ವಿದೇಶದ ಕಾನ್ಸುಲೇಟಿನಲ್ಲಿ ಕೆಲಸಕ್ಕೆ ಬಾರದು. ನೀವಿರುವ ಊರು ಯಾವ ಕಾನ್ಸುಲೇಟಿಗೆ ಸೇರುತ್ತದೋ ಅದನ್ನೇ ಆರಿಸಿ. ಯುಎಇಯಲ್ಲಿ ಅಬುಧಾಬಿಯದು ರಾಯಭಾರ ಕಚೇರಿಗೆ, ದುಬೈ, ಶಾರ್ಜಾ ಮೊದಲಾದವು ದುಬೈ ಕಾನ್ಸುಲೇಟಿಗೆ. ‘ಫ್ರೆಶ್ ಪಾಸ್‌ಪೋರ್ಟ್’ ಆರಿಸಿ, ತಂದೆತಾಯಿಯ ಹೆಸರನ್ನು ಅವರವರ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ತುಂಬಿ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಬೇರೆ ಥರ ಇದ್ದರೆ ಮೊದಲು ಪ್ರಮಾಣಪತ್ರ ತಿದ್ದಿಸಿ, ಆಮೇಲೆ ಅರ್ಜಿ. ಜೊತೆಗೆ ಅನೆಕ್ಸರ್ ಡಿ, ಅಂದರೆ ಮಗುವಿಗೆ ಪಾಸ್‌ಪೋರ್ಟ್ ಕೊಡಲು ತಂದೆತಾಯಿ ಇಬ್ಬರೂ ಒಪ್ಪಿದ ಘೋಷಣೆ.

ಫೋಟೊ ಎಲ್ಲಕ್ಕಿಂತ ಹೆಚ್ಚು ಸಲ ವಾಪಸ್ ಬರುವ ವಸ್ತು. ಈಗ ಭಾರತದ ಕಚೇರಿಗಳು ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಅಳತೆ ಕೇಳುತ್ತವೆ: 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ, ಬಿಳಿ ಹಿನ್ನೆಲೆ, ಚೌಕಟ್ಟಿನ ಬಹುಪಾಲು ಮುಖವೇ. ಎರಡಿಂಚು ಚೌಕದ ಹಳೆಯ ಫೋಟೊ ಹೊತ್ತು ಹೋದರೆ ಹೋದ ದಾರಿಗೆ ಸುಂಕವಿಲ್ಲ. ಎಳೆ ಕೂಸಾದರೆ ಸುಕ್ಕಿಲ್ಲದ ಬಿಳಿ ಹಾಸಿನ ಮೇಲೆ ಅಂಗಾತ ಮಲಗಿಸಿ, ಕಿಟಕಿಯ ಬೆಳಕು ಮುಖಕ್ಕೆ ನೇರ ಬೀಳುವಂತೆ ಮಾಡಿ, ಮೇಲಿನಿಂದ ತೆಗೆಯಿರಿ. ಬೆಳಕು ಪಕ್ಕದಿಂದ ಬಂದರೆ ಕಿವಿಯ ಬಳಿ ನೆರಳು ಬಿದ್ದು ತಿರಸ್ಕಾರವಾಗುತ್ತದೆ. ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ. ಕುಲಾವಿ, ನಿಪ್ಪಲ್, ಹಿಡಿದುಕೊಂಡ ಅಮ್ಮನ ಕೈ, ಯಾವುದೂ ಕಾಣಬಾರದು. ಅಂದೊಂದು ದಿನ ದೃಷ್ಟಿಬೊಟ್ಟನ್ನೂ ಕಾಡಿಗೆಯನ್ನೂ ಒರೆಸಿಬಿಡಿ. ಅಜ್ಜಿ ಬೈದರೆ ಫೋಟೊ ಆದ ಮೇಲೆ ಎರಡು ಇಟ್ಟರಾಯಿತು. ಬಿಳಿ ಅಂಗಿ ಹಾಕಬೇಡಿ, ಹಿನ್ನೆಲೆಯಲ್ಲಿ ಹೆಗಲು ಕರಗಿಹೋಗುತ್ತದೆ. ಮೊಬೈಲಿನ ಆ್ಯಪಿನಲ್ಲಿ ಹಿನ್ನೆಲೆ ಅಳಿಸಿದರೆ ಕೂದಲಿನ ಅಂಚು ಕತ್ತರಿಸಿದಂತೆ ಕಾಣುತ್ತದೆ, ಅದೂ ಬೇಡ.

ಸಹಿಯ ಚೌಕದಲ್ಲಿ ಅಪ್ಪ ಸಹಿ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಅಲ್ಲಿ ಮಗುವಿನ ಹೆಬ್ಬೆಟ್ಟೇ ಬೇಕು: ಗಂಡಾದರೆ ಎಡಗೈ, ಹೆಣ್ಣಾದರೆ ಬಲಗೈ. ಮಗು ನಿದ್ದೆಯಲ್ಲಿದ್ದಾಗ ಮಾಡಿ, ಎಚ್ಚರವಿದ್ದರೆ ಮುಷ್ಟಿ ಬಿಡುವುದಿಲ್ಲ. ಇಂಕ್‌ಪ್ಯಾಡ್ ಹಸಿ ಹೆಚ್ಚಿದ್ದರೆ ಗೆರೆಗಳು ಕಲೆಸಿ ಬರೀ ಮಸಿಯ ಚುಕ್ಕೆಯಾಗುತ್ತದೆ, ಒಮ್ಮೆ ಬೇರೆ ಕಾಗದಕ್ಕೆ ಒತ್ತಿ, ಎರಡನೆಯದನ್ನು ಅರ್ಜಿಗೆ ಒತ್ತಿ. ಚೌಕದ ಗೆರೆಗೆ ತಾಗಬಾರದು. ಅರ್ಜಿಯ ಮೂರು ಪ್ರಿಂಟ್ ಇಟ್ಟುಕೊಂಡಿದ್ದರೆ ಕೆಟ್ಟಾಗ ಕೈ ನಡುಗುವುದಿಲ್ಲ.

ಶುಲ್ಕ ದೇಶದಿಂದ ದೇಶಕ್ಕೆ ಬೇರೆ. ಅರ್ಜಿ ತೆಗೆದುಕೊಳ್ಳುವ ಹೊರಗುತ್ತಿಗೆ ಕೇಂದ್ರದಲ್ಲಿ ಜೆರಾಕ್ಸ್, ಎಸ್ಸೆಮ್ಮೆಸ್, ಫಾರಂ ತುಂಬಿಕೊಡುವುದು ಎಂದು ಬಿಲ್ಲಿಗೆ ಸೇರುವ ಹೆಚ್ಚುವರಿ ಸೇವೆಗಳು ಐಚ್ಛಿಕ. ಬೇಡವೆಂದರೆ ಬೇಡ.

ತಂದೆ ಒಂದು ಕಡೆ, ತಾಯಿ ಒಂದು ಕಡೆ

ಕರಾವಳಿಯ ಮನೆಗಳಲ್ಲಿ ಇದು ದಿನದ ಮಾತು: ಅಪ್ಪ ಕುವೈತಿನಲ್ಲಿ, ಅಮ್ಮ ಮಗು ಉಡುಪಿಯಲ್ಲಿ. ಮಗು ಊರಲ್ಲೇ ಹುಟ್ಟಿದ್ದರೆ ಅರ್ಜಿ ಕರ್ನಾಟಕದ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ. ಅಮ್ಮ ಅನೆಕ್ಸರ್ ಡಿ ಕೊಡುತ್ತಾರೆ, ಅಪ್ಪ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಒಪ್ಪಿಗೆಯ ಅಫಿಡವಿಟ್ಟಿಗೆ ಅಲ್ಲೇ ದೃಢೀಕರಣ ಹಾಕಿಸಿ ಒರಿಜಿನಲ್ಲನ್ನೇ ಕೊರಿಯರ್ ಮಾಡಬೇಕು. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಸಾಲದು. ಬೇರೆಯಾಗಿದ್ದು ಒಬ್ಬರು ಒಪ್ಪಿಗೆ ಕೊಡದಿದ್ದರೆ ಅನೆಕ್ಸರ್ ಸಿ ಇದೆ. ಅದರಲ್ಲಿ ಕಾರಣ ಬರೆಯಬೇಕು, ಕೋರ್ಟಿನ ಆದೇಶವಿದ್ದರೆ ಲಗತ್ತಿಸಬೇಕು.

ಊರಲ್ಲಿ ಸಾವುನೋವಾಗಿ ತಕ್ಷಣ ಹೊರಡಬೇಕಾಗಿ ಬಂದು, ಮಗುವಿನ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲವೆಂದರೆ ಕಾನ್ಸುಲೇಟಿನಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬಹುದು. ಅದು ಭಾರತಕ್ಕೆ ಹೋಗಲು ಮಾತ್ರ, ಅದರಲ್ಲಿ ಮರಳಿ ಬರಲಾಗದು.

ಕೈಗೆ ಬಂದ ಮೇಲೆ

ಕೌಂಟರ್ ಬಿಡುವ ಮುಂಚೆಯೇ ಹೆಸರಿನ ಪ್ರತಿ ಅಕ್ಷರ, ಹುಟ್ಟಿದ ತಾರೀಕು, ಕೊನೆಯ ಪುಟದ ಅಪ್ಪ ಅಮ್ಮನ ಹೆಸರು ಓದಿ. ತಪ್ಪಿದ್ದರೆ ಆಗಲೇ ತೋರಿಸಿ. ಬ್ರಿಟನ್ನಿನಲ್ಲಿ ಇರುವವರಿಗೆ ಒಂದು ಎಚ್ಚರ: ಅಲ್ಲೇ ಹುಟ್ಟಿದ ಮಗು ಅಲ್ಲೇ ಇರುವ ತನಕ ವೀಸಾ ಕೇಳುವವರಿಲ್ಲ, ಹೊಸ ಪಾಸ್‌ಪೋರ್ಟ್ ಹಿಡಿದು ಊರಿಗೆ ಹೋದರೆ ಮರಳಲು ಡಿಪೆಂಡೆಂಟ್ ವೀಸಾ ಬೇಕು. ಟಿಕೆಟ್ ತೆಗೆಯುವ ಮುಂಚೆ ಅದನ್ನು ಮಾಡಿಸಿ.

ಮಕ್ಕಳ ಪಾಸ್‌ಪೋರ್ಟಿನ ಅವಧಿ 5 ವರ್ಷ. ಬಹಳಷ್ಟು ದೇಶಗಳು 6 ತಿಂಗಳ ಅವಧಿ ಉಳಿದಿರಬೇಕು ಎನ್ನುವುದರಿಂದ ಬಳಕೆಗೆ ಸಿಗುವುದು ನಾಲ್ಕೂವರೆ. ಮುಗಿಯಲು ಒಂದು ವರ್ಷ ಇರುವಾಗಲೇ ರೀಇಶ್ಯೂಗೆ ಹಾಕಬಹುದು. ಹಳೆಯ ಪುಸ್ತಕದಲ್ಲಿ ಇನ್ನೂ ನಡೆಯುವ ವೀಸಾ ಇದ್ದರೆ ಅರ್ಜಿ ಕೊಡುವಾಗಲೇ ಹೇಳಿ, ಪ್ರಯಾಣದಲ್ಲಿ ಎರಡೂ ಪುಸ್ತಕ ಒಯ್ಯಿರಿ. 15 ದಾಟಿದ ಮಗುವಿಗೆ ಎರಡು ಆಯ್ಕೆ ಇವೆ: 18 ತುಂಬುವ ತನಕದ್ದು, ಇಲ್ಲವೇ 10 ವರ್ಷದ್ದು. ಎರಡನೆಯದನ್ನು ಆರಿಸಿದರೆ ಕಾಲೇಜಿನ ವೀಸಾಕ್ಕೆ ಓಡಾಡುವ ವರ್ಷ ಮತ್ತೆ ಪಾಸ್‌ಪೋರ್ಟಿಗೂ ಓಡಬೇಕಾಗಿಲ್ಲ.