ಆದಾಯ ತೆರಿಗೆ ರಿಟರ್ನ್ಸ್: ಫಾರಂ ತೆರೆಯುವ ಮುಂಚೆ ಮುಗಿಸಬೇಕಾದ ಕೆಲಸ

ಸಂಬಳದಾರರಿಗೆ ರಿಟರ್ನ್ಸ್ ತಲೆನೋವಾಗುವುದು ಅಂಕಿಗಳು ತಾಳೆಯಾಗದಿದ್ದಾಗ. ವರ್ಷದ ಸಂಬಳ ಮತ್ತು ಕಡಿದ ತೆರಿಗೆಯ ಲೆಕ್ಕವಾಗಿ ಕಚೇರಿ ಕೊಡುವ ಫಾರಂ 16ರಲ್ಲಿ ಒಂದು ಮೊತ್ತವಿದ್ದರೆ, ಇಲಾಖೆಯ ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ, ಇನ್ನೊಂದು ಇರುತ್ತದೆ. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರದ್ದು ಮತ್ತೂ ಬೇರೆ. ಇವನ್ನೆಲ್ಲ ಹೊಂದಿಸಿ ನೋಡುವ ಕೆಲಸವನ್ನು ನಾವು ಗಡುವಿನ ಹಿಂದಿನ ರಾತ್ರಿಗೆ ಉಳಿಸಿಕೊಳ್ಳುತ್ತೇವೆ. ಫಾರಂ 16 ಜೂನ್ 15ರೊಳಗೆ ಕೈಸೇರಬೇಕೆಂಬ ನಿಯಮವಿದೆ. ಅದು ಬಂದ ವಾರದಲ್ಲೇ ಒಂದು ಭಾನುವಾರ ಈ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕುಳಿತುಕೊಳ್ಳಿ.

ಮೊದಲು ನೋಡಬೇಕಾದದ್ದು ಠೇವಣಿಯ ಬಡ್ಡಿ. ಬಡ್ಡಿಯನ್ನು ಅವಧಿ ಮುಗಿದ ಮೇಲೆ ಒಟ್ಟಿಗೆ ಕೊಡುವ ಎಫ್‌ಡಿಯಲ್ಲಿ ಹಣ ಕೈಗೆ ಬಾರದಿದ್ದರೂ ಬ್ಯಾಂಕು ವರ್ಷವರ್ಷವೂ ಬಡ್ಡಿ ಲೆಕ್ಕ ಹಾಕಿ, ಅದು ಮಿತಿ ದಾಟಿದರೆ ಶೇ 10ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಕಡಿದು, ಇಲಾಖೆಗೆ ತಿಳಿಸುತ್ತದೆ. ಟಿಡಿಎಸ್ ಕಡಿದ ಮೇಲೆ ತೆರಿಗೆ ತೀರಿತು ಎಂದು ಬಹಳ ಮಂದಿ ನಂಬಿದ್ದಾರೆ. ವರ್ಷದ ಬಡ್ಡಿ 72,000 ರೂಪಾಯಿ ಎಂದಿಟ್ಟುಕೊಳ್ಳಿ. ಬ್ಯಾಂಕು ಕಡಿದದ್ದು 7,200. ನೀವು ಶೇ 20ರ ಹಂತದಲ್ಲಿದ್ದರೆ ತೆರಿಗೆಯ ಮೇಲೆ ಹಾಕುವ ಸೆಸ್ ಸೇರಿ ಆಗುವ ತೆರಿಗೆ 14,976. ಉಳಿದ 7,776 ರೂಪಾಯಿಯನ್ನು ನೀವೇ ಕಟ್ಟಬೇಕು. ಎಐಎಸ್‌ನಲ್ಲಿ ಒಂದೇ ಬಡ್ಡಿ ಎರಡು ಸಲ ನಮೂದಾಗಿದ್ದರೆ ಆ ಸಾಲಿನ ಎದುರೇ ಆಕ್ಷೇಪ ದಾಖಲಿಸುವ ಅವಕಾಶವಿದೆ. ಊರಿನ ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣದ ಬಡ್ಡಿ ಅಲ್ಲಿ ಕಾಣದೆಯೂ ಇರಬಹುದು, ಆದರೂ ಅದನ್ನು ತೋರಿಸಲೇಬೇಕು. ಪಾಸ್‌ಬುಕ್ ಬೇಕಾಗುವುದು ಅದಕ್ಕೇ.

ವರ್ಷದ ನಡುವೆ ಕೆಲಸ ಬದಲಿಸಿದವರು ಎರಡೂ ಕಡೆಯ ಫಾರಂ 16 ತರಿಸಿಕೊಳ್ಳಬೇಕು. ಹಳೆಯ ಸಂಬಳದ ವಿವರವನ್ನು ಹೊಸ ಕಚೇರಿಗೆ ಕೊಡದಿದ್ದರೆ ಸಂಬಳದಾರರಿಗೆಲ್ಲ ಸಿಗುವ ಪ್ರಮಾಣಿತ ಕಡಿತವನ್ನೂ ತೆರಿಗೆಯಿಲ್ಲದ ಹಂತವನ್ನೂ ಎರಡು ಕಡೆ ಲೆಕ್ಕ ಹಿಡಿದಿರುತ್ತಾರೆ, ಆ ವ್ಯತ್ಯಾಸವೆಲ್ಲ ಕೊನೆಗೆ ನಿಮ್ಮ ತಲೆಯ ಮೇಲೆ ಬರುತ್ತದೆ.

ಇನ್ನು ನಮ್ಮ ಕಡೆಯ ಹೆಸರುಗಳ ತೊಡಕು. ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ತಂದೆಯ ಪೂರ್ತಿ ಹೆಸರು ಬರೆದಿರುತ್ತದೆ, ಪಾಸ್‌ಬುಕ್‌ನಲ್ಲಿ ಬರೀ ‘ಕೆ.’ ಎಂದಿರುತ್ತದೆ. ಇಷ್ಟರಿಂದಲೇ ಖಾತೆಯ ದೃಢೀಕರಣ ವಿಫಲವಾಗಿ ನನ್ನ ರಿಫಂಡ್ ಒಂದು ವರ್ಷ ತಿಂಗಳುಗಟ್ಟಲೆ ನಿಂತಿತ್ತು. ಬ್ಯಾಂಕಿನ ಶಾಖೆಗೆ ಪ್ಯಾನ್ ಪ್ರತಿ ಕೊಟ್ಟು ಹೆಸರು ಸರಿಪಡಿಸಿಕೊಂಡು, ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ದೃಢೀಕರಿಸಿದ ಮೇಲೆ ಹಣ ಬಂತು. ಈ ಕೆಲಸವನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ.

ವಿನಾಯಿತಿಗಳು ಹೆಚ್ಚಿರುವ ಹಳೆ ತೆರಿಗೆ ಪದ್ಧತಿಯೋ, ದರ ಕಡಿಮೆಯಿರುವ ಹೊಸದೋ ಎಂಬುದನ್ನು ಪೋರ್ಟಲ್‌ನ ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ನಿರ್ಧರಿಸಿ. ಏನನ್ನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯವಾಗುತ್ತದೆ. ಗಡುವು ದಾಟಿದ ಮೇಲೆ ಹಳೆಯದನ್ನು ಆರಿಸಿಕೊಳ್ಳಲು ಬರುವುದಿಲ್ಲ.

ಇಷ್ಟಾದ ಮೇಲೆ ಫಾರಂ ತೆರೆಯಿರಿ. ಮೊದಲೇ ತುಂಬಿ ಬಂದ ಅಂಕಿಗಳನ್ನು ನಿಮ್ಮ ಕಾಗದಗಳ ಜೊತೆ ಸಾಲುಸಾಲಾಗಿ ಹೋಲಿಸಿ, ಬಾಕಿ ತೆರಿಗೆ ಕಟ್ಟಿ, ಸಲ್ಲಿಸಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ಪರಿಶೀಲನೆ ಮುಗಿಸಬೇಕು. ಆಧಾರ್‌ಗೆ ಮೊಬೈಲ್ ಜೋಡಣೆಯಾಗದವರು ಐಟಿಆರ್-ವಿ ಎಂಬ ಪರಿಶೀಲನಾ ಪತ್ರದ ಪ್ರತಿಗೆ ಸಹಿ ಹಾಕಿ, ಅದೇ ಅವಧಿಯೊಳಗೆ ತಲುಪುವಂತೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು.