ಉದ್ಯಮಕ್ಕಿಳಿಯುವ ಮುನ್ನ ಮನೆ ಮತ್ತು ಸಮುದಾಯದ ಹಿನ್ನೆಲೆಯನ್ನು ಲೆಕ್ಕ ಹಾಕುವುದು ಹೇಗೆ?

ಹೊಸ ಉದ್ಯಮಕ್ಕೆ ಕೈ ಹಾಕುವವರು ಬಂಡವಾಳದ ಲೆಕ್ಕವನ್ನು ತಪ್ಪದೆ ಬರೆಯುತ್ತಾರೆ. ಮನೆಯಿಂದ ಮತ್ತು ಸಮುದಾಯದಿಂದ ತಮಗೆ ಏನು ದಕ್ಕಿದೆ, ಏನು ದಕ್ಕಿಲ್ಲ ಎಂಬುದನ್ನು ಬರೆಯುವುದಿಲ್ಲ. ಈ ಎರಡನೆಯ ಲೆಕ್ಕವನ್ನೇ ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ವ್ಯಾಪಾರ ರಕ್ತದಲ್ಲೇ ಬರಬೇಕು ಎಂಬ ಮಾತನ್ನು ಪೂರ್ತಿ ನಂಬಬೇಡಿ. ಸ್ವೀಡನ್ನಿನ ದತ್ತು ಮಕ್ಕಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಉದ್ಯಮಿಗಳ ಮಕ್ಕಳು ಉದ್ಯಮಿಗಳಾಗುವ ಸಾಧ್ಯತೆ ಇತರರಿಗಿಂತ ಸುಮಾರು ಶೇ. 60ರಷ್ಟು ಹೆಚ್ಚು, ಆದರೆ ಆ ಪ್ರಭಾವದಲ್ಲಿ ಹೆತ್ತವರದ್ದಕ್ಕಿಂತ ಸಾಕಿದವರ ಪಾಲು ಹೆಚ್ಚುಕಡಿಮೆ ಎರಡರಷ್ಟಿತ್ತು. ಅಮೆರಿಕದ ಸಣ್ಣ ಉದ್ಯಮಗಳ ಅಧ್ಯಯನವೊಂದು ಇನ್ನೂ ಮುಂದೆ ಹೋಗಿ, ಉದ್ಯಮಿ ಕುಟುಂಬದಲ್ಲಿ ಹುಟ್ಟಿದ್ದಕ್ಕಿಂತ ಆ ಕುಟುಂಬದ ಉದ್ಯಮದಲ್ಲಿ ದುಡಿದದ್ದೇ ಯಶಸ್ಸಿಗೆ ನೆರವಾಗಿದೆ ಎಂದು ತೋರಿಸಿತು.

ಆದ್ದರಿಂದ ಸರಕು ತರಿಸುವುದು, ಬೆಲೆ ಕಟ್ಟುವುದು, ಉದ್ದರಿ ಕೊಡುವುದು, ಬಾಕಿ ವಸೂಲು ಮಾಡುವುದು, ಇವುಗಳಲ್ಲಿ ಯಾವುದನ್ನು ಸ್ವತಃ ಮಾಡಿದ್ದೀರಿ ಎಂದು ಗುರುತಿಸಿಕೊಳ್ಳಿ. ಒಂದೇ ಮನೆಯಲ್ಲಿ ಮಗನನ್ನು ವ್ಯವಹಾರಕ್ಕೆ ಕೂರಿಸಿ ಮಗಳನ್ನು ದೂರವಿಟ್ಟಿದ್ದರೆ, ಇಬ್ಬರ ಹಿನ್ನೆಲೆಯೂ ಒಂದೇ ಎನ್ನಲಾಗದು. ಏನನ್ನೂ ಮಾಡಿರದವರು ತಾವು ಆರಿಸಿಕೊಂಡ ಕ್ಷೇತ್ರದಲ್ಲಿ ಬೇರೊಬ್ಬರ ಸಣ್ಣ ಉದ್ಯಮಕ್ಕೆ ಕೆಲಸಕ್ಕೆ ಸೇರುವುದು ಲೇಸು. ದೊಡ್ಡ ಸಂಸ್ಥೆಯಲ್ಲಾದರೆ ಒಂದು ವಿಭಾಗವಷ್ಟೇ ಕಣ್ಣಿಗೆ ಬೀಳುತ್ತದೆ.

ಇನ್ನು ಹಣ. ಪಿತ್ರಾರ್ಜಿತ ಆಸ್ತಿ ಅಥವಾ ಉಡುಗೊರೆಯ ಹಣ ಸಿಕ್ಕವರು ಸ್ವಂತ ಉದ್ಯೋಗಕ್ಕೆ ಇಳಿಯುವ ಸಾಧ್ಯತೆ ಹೆಚ್ಚೆಂಬುದು ಬ್ರಿಟನ್ನಿನ ಅಂಕಿಅಂಶಗಳಲ್ಲಿ ಕಂಡುಬಂದಿದೆ. ಉಳ್ಳವರ ಧೈರ್ಯವೆಂದು ನಾವು ಹೊಗಳುವುದರಲ್ಲಿ ಬಹುಪಾಲು, ನನ್ನ ಅಭಿಪ್ರಾಯದಲ್ಲಿ, ಸೋತರೂ ಊಟಕ್ಕೆ ತೊಂದರೆಯಿಲ್ಲ ಎಂಬ ನೆಮ್ಮದಿಯೇ. ಆ ಆಸರೆ ಇಲ್ಲದವರು ಎಷ್ಟು ಹಣ ಕಳೆದುಕೊಂಡರೆ ನಿಲ್ಲಿಸಬೇಕೆಂದು ಮೊದಲೇ ನಿರ್ಧರಿಸಿಕೊಂಡು, ಸಾಧ್ಯವಾದಷ್ಟು ಕಾಲ ಸಂಬಳದ ಕೆಲಸವನ್ನು ಉಳಿಸಿಕೊಳ್ಳಬೇಕು.

ಸಮುದಾಯದ ಬಲ ಇರುವುದು ನಂಬಿಕೆಯಲ್ಲಿ. ಬ್ಯಾಂಕುಗಳ ಬಾಗಿಲು ತಮ್ಮ ಪಾಲಿಗೆ ಮುಚ್ಚಿದ್ದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜಪಾನೀಯರು ಮತ್ತು ಚೀನೀಯರು ತಮ್ಮತಮ್ಮೊಳಗೆ ಹಣ ಕೂಡಿಸಿ, ಸರದಿಯ ಮೇಲೆ ಪಡೆದು ಅಂಗಡಿಗಳನ್ನು ತೆರೆದರು. ತನ್ನ ಪಾಲು ಕಟ್ಟದೆ ತಪ್ಪಿಸಿಕೊಂಡವನ ಹೆಸರು ಸಮುದಾಯದೊಳಗೆ ಕೆಡುತ್ತದೆಂಬ ಭಯವೇ ಅಲ್ಲಿ ಜಾಮೀನಾಗಿತ್ತು. ಆದರೆ ಆಪ್ತರಿಗೆ ಗೊತ್ತಿರುವುದು ಬಹುತೇಕ ನಿಮಗೂ ಗೊತ್ತಿರುತ್ತದೆ. ಹೊಸ ಗಿರಾಕಿ, ಹೊಸ ಸುದ್ದಿ ಬೇಕೆಂದರೆ ಬಳಗದ ಆಚೆಗಿನ ಅಲ್ಪಪರಿಚಯದವರನ್ನು, ಹಳೆಯ ಸಹೋದ್ಯೋಗಿಗಳನ್ನು ಮಾತನಾಡಿಸಬೇಕು. ಬಂಧುಗಳು ಕೆಲಸವನ್ನೋ ಉದ್ದರಿಯನ್ನೋ ಕೇಳಿ ಬರುವುದಕ್ಕೆ ಮುಂಚೆಯೇ ಎಲ್ಲರಿಗೂ ಅನ್ವಯಿಸುವ ನಿಯಮವೊಂದನ್ನು ಬರೆದಿಡಿ, ಅವರಿಂದ ಪಡೆದ ಸಾಲಕ್ಕೂ ಮರುಪಾವತಿಯ ದಿನಾಂಕ ಹಾಕಿ ಪತ್ರ ಮಾಡಿಕೊಡಿ.