ಉತ್ಥಾನ ದ್ವಾದಶಿ ಕಳೆದರೂ ಬಾಡದ ತುಳಸಿ: ನನ್ನ ಅನುಭವ

ತುಳಸಿ ಮದುವೆ ಮುಗಿದು ಹದಿನೈದು ದಿನಕ್ಕೆ ಗಿಡ ಒಣಗುವುದು ನಮ್ಮ ಕಾಸರಗೋಡಿನ ಕಡೆ ಎಷ್ಟು ಮಾಮೂಲಿ ಎಂದರೆ, ಅದಕ್ಕೆ ಕಾರಣ ಹುಡುಕುವವರೇ ಇಲ್ಲ. "ಪೂಜೆ ಆಯಿತಲ್ಲ, ಬೇರೆ ನೆಟ್ಟರಾಯಿತು" ಎನ್ನುತ್ತಾರೆ. ನಮ್ಮ ಕಟ್ಟೆಯಲ್ಲಿರುವ ಕೃಷ್ಣತುಳಸಿ ಮೂರು ಮದುವೆ ಕಂಡಿದೆ. ಬುಡ ಹೆಬ್ಬೆರಳಿಗಿಂತ ದಪ್ಪ. ನೆಲ್ಲಿಯ ಕೊಂಬೆ ನಿಲ್ಲಿಸಲು ಮಣ್ಣಿನಲ್ಲಿ ಬಿದಿರಿನ ಅಂಡೆ (ಕೊಳವೆ) ಹೂಳುವ ನನ್ನ ಉಪಾಯಕ್ಕೆ ತಲೆ ಅಲ್ಲಾಡಿಸಿದವರೇ ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಿಡವನ್ನು ಕೊಲ್ಲುವುದು ನೆಲ್ಲಿಯ ಕೊಂಬೆ. ದಾಮೋದರನಾಗಿ ಪಕ್ಕದಲ್ಲಿ ನಿಲ್ಲಿಸುವ ಕೊಂಬೆ ಗಾಳಿಗೆ ವಾಲಬಾರದೆಂದು ಕತ್ತಿಯಲ್ಲಿ ಮೊನೆ ಮಾಡಿ ಅರ್ಧ ಅಡಿ ಒಳಗೆ ತುರುಕುತ್ತೇವೆ. ಕಟ್ಟೆಯೊಳಗೆ ಬೇರು ಹೆಚ್ಚಾಗಿ ಇರುವುದೇ ಆ ಅರ್ಧ ಅಡಿಯಲ್ಲಿ. ಒಣಗಿದ ಗಿಡ ಕಿತ್ತು ಬೇರು ತೊಳೆದು ನೋಡಿ: ಕೊಂಬೆ ಇಳಿದ ಬದಿಯಲ್ಲಿ ಬೇರು ತುಂಡಾಗಿರುತ್ತದೆ, ತುದಿ ಕಪ್ಪಾಗಿರುತ್ತದೆ, ಉಗುರು ತಾಗಿದರೆ ತೊಗಟೆ ಲೋಳೆಯಾಗಿ ಸುಲಿದು ಬರುತ್ತದೆ. ಆ ಗಾಯದ ಮೇಲೆ ಕ್ಷೀರಾಬ್ಧಿಯ ಹಾಲಿನ ಅರ್ಘ್ಯ ಬೇರೆ. ಹಾಲು ಮಣ್ಣಿನಲ್ಲಿ ಹುಳಿತು ಇರುವೆ ಕರೆಯುತ್ತದೆ. ಈಗ ಬುಡದ ಮುಂದೆ ಹರಿವಾಣ ಇಟ್ಟು ಅರ್ಘ್ಯ ಬಿಡುತ್ತೇವೆ, ಆಮೇಲೆ ಅದನ್ನು ತೆಂಗಿನ ಬುಡಕ್ಕೆ ಹೊಯ್ಯುತ್ತೇವೆ.

ಬೇರು ತುಂಡಾಗದಂತೆ ಕೊಂಬೆ ನಿಲ್ಲಿಸಲು ಮೊದಲು ಒಂದೂವರೆ ಇಂಚಿನ ಪಿವಿಸಿ ಪೈಪು ಹೂತೆ. ಕೆಲಸವೇನೋ ಆಯಿತು, ಆದರೆ ಮದುಮಗನನ್ನು ಪ್ಲಾಸ್ಟಿಕ್ಕಿನಲ್ಲಿ ನಿಲ್ಲಿಸಲು ಮನೆಯಲ್ಲಿ ಯಾರಿಗೂ ಮನಸ್ಸು ಒಪ್ಪಲಿಲ್ಲ, ನನಗೂ. ಬಿದಿರಿಗೆ ಬಂದದ್ದು ಹಾಗೆ. ಬಿದಿರೇ ವಾಸಿ, ಏಕೆಂದರೆ ಗಂಟಿನ ಕೆಳಗೆ ಕಡಿದರೆ ತಳ ತಾನಾಗಿ ಮುಚ್ಚಿರುತ್ತದೆ, ಒಳಗೆ ನೀರು ನಿಲ್ಲುತ್ತದೆ. ಒಂಬತ್ತು ಇಂಚು ಉದ್ದ, ಒಳಗೆ ಒಂದೂವರೆ ಇಂಚು ಅಗಲ. ಗಿಡ ನೆಡುವಾಗಲೇ ಬುಡದಿಂದ ಐದು ಇಂಚು ದೂರದಲ್ಲಿ ಬಾಯಿ ಮಣ್ಣಿನ ಮಟ್ಟಕ್ಕೆ ಬರುವಂತೆ ಹೂಳಬೇಕು. ದ್ವಾದಶಿಯ ದಿನ ಮುಕ್ಕಾಲು ಅಂಡೆ ನೀರು ಹಾಕಿ ಕೊಂಬೆ ಇಳಿಸಿ, ಸುತ್ತ ತೆಂಗಿನ ನಾರು ಒತ್ತಿದರೆ ಅಲುಗುವುದಿಲ್ಲ. ಮರುದಿನ ಕೊಂಬೆ ತೆಗೆದ ಕೂಡಲೇ ನೀರು ಬತ್ತಿಸಿ, ಒಣ ಹೊಯ್ಗೆ (ಮರಳು) ತುಂಬಿ, ಬಾಯಿಗೆ ಗೆರಟೆ (ತೆಂಗಿನ ಚಿಪ್ಪು) ಕವುಚಿ. ಇಲ್ಲವಾದರೆ ಸೊಳ್ಳೆ.

ಆದರೆ ಮದುವೆಯ ತನಕ ಗಿಡ ಉಳಿಯಬೇಕಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೇ ಅರ್ಧ ಹೋಗುತ್ತವೆ. ರೆಡಿಮೇಡ್ ಸಿಮೆಂಟು ಕಟ್ಟೆಗಳಲ್ಲಿ ಎಷ್ಟೋ ತಳ ಮುಚ್ಚಿದವು. ಒಳಗೆ ಹಂಚಿನ ಚೂರು ಎಷ್ಟು ಹಾಕಿದರೂ ನೀರಿಗೆ ದಾರಿಯಿಲ್ಲದಿದ್ದರೆ ಅದು ಕೆರೆಯೇ. ಒಡೆದು ಕಟ್ಟಲು ಮೇಸ್ತ್ರಿ 12,000ದ ಹತ್ತಿರ ಹೇಳಿದರು. ಹ್ಯಾಮರ್ ಡ್ರಿಲ್ ಬಾಡಿಗೆಗೆ ತಂದು ಹಿಂಬದಿಯಲ್ಲಿ ಎರಡು ತೂತು ಕೊರೆದದ್ದಕ್ಕೆ ಬಿಟ್ ಸೇರಿ 600 ಆಗಿರಬಹುದು. ಮೊದಲ ತೂತು ತಳದಿಂದ ಎರಡು ಇಂಚು ಮೇಲೆ ಕೊರೆದು ಕೆಟ್ಟೆ: ಆ ಎರಡು ಇಂಚಿನ ನೀರು ಅಲ್ಲೇ ನಿಂತಿತು, ಗಿಡ ಆಟಿಯ ಮುಂದಿನ ಸೋಣೆ ತಿಂಗಳಲ್ಲಿ ಸತ್ತಿತು. ತೂತು ತಳದ ಮಟ್ಟಕ್ಕೇ ಬೇಕು. ಮಣ್ಣಿಗೆ ಮುರಮಣ್ಣು ಎರಡು ಪಾಲು, ಹೊಯ್ಗೆ ಎರಡು, ತೆಂಗಿನ ಗರಿಯ ಎರೆಗೊಬ್ಬರ ಒಂದು. ಹೊಯ್ಗೆಗೆ ಬದಲು ಎಂ-ಸ್ಯಾಂಡ್ ಹಾಕುವುದಾದರೆ ಹುಡಿ ಪೂರ್ತಿ ಹೋಗುವ ತನಕ ತೊಳೆಯಿರಿ, ಇಲ್ಲವಾದರೆ ಅಂಟಿ ಗಟ್ಟಿಯಾಗುತ್ತದೆ.

ಮಳೆಗೆ ಗಿಡದ ಮೇಲೆ ಪ್ಲಾಸ್ಟಿಕ್ ಕಟ್ಟುವವರಿದ್ದಾರೆ. ಒಳಗೆ ಬೆವರಿ ಎಲೆ ಉದುರುತ್ತದೆ. ನಾನು ಕೊಡೆ ಹಿಡಿಯುವುದು ಮಣ್ಣಿಗೆ. ಎರಡು ಅಡಿಕೆ ಹಾಳೆಗೆ ನಡುವೆ ಕಚ್ಚು ಹಾಕಿ, ಕಾಂಡಕ್ಕೆ ಎರಡು ಬದಿಯಿಂದ ಕೂಡಿಸಿ, ಹೊರಕ್ಕೆ ಇಳಿಜಾರಾಗಿ ಇಡುತ್ತೇನೆ. ತಿಂಗಳಿಗೊಮ್ಮೆ ಹೊಸ ಹಾಳೆ, ಖರ್ಚು ಸೊನ್ನೆ. ತೋಟಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಡುವ ದಿನ ತುಳಸಿಗೂ ಒಂದು ಕೈ ಬಿಡೋಣ ಎನಿಸಬಹುದು. ಬೇಡ, ಈ ಎಲೆ ತೀರ್ಥಕ್ಕೆ ಹೋಗುವಂಥದ್ದು.

ಚಿವುಟುವ ಲೆಕ್ಕ ಇನ್ನೊಂದು. ಕದಿರು ಬಲಿತು ಬೀಜ ಕಟ್ಟಿದರೆ ಗಿಡ ಸೊರಗುತ್ತದೆ, ಆದ್ದರಿಂದ ಎಳೆಯದರಲ್ಲೇ ತೆಗೆಯಬೇಕು. ಕೊನೆಯ ಚಿವುಟು ದ್ವಾದಶಿಗೆ ಇಪ್ಪತ್ತೈದು ದಿನ ಮೊದಲು ಆದರೆ ಮದುವೆಗೆ ತಲೆ ತುಂಬಿಕೊಳ್ಳುತ್ತದೆ. ಪಂಚಾಂಗ ನೋಡಿಯೇ ಎಣಿಸಿ. 2023ರಲ್ಲಿ ಪೂಜೆ ನವೆಂಬರ್ 24ಕ್ಕೆ, 2025ರಲ್ಲಿ ನವೆಂಬರ್ 2ಕ್ಕೇ ಬಂತು. ಇಂಗ್ಲಿಷ್ ತಿಂಗಳು ನಂಬಿದರೆ ಬೋಳು ಗಿಡಕ್ಕೆ ತಾಳಿ ಕಟ್ಟಬೇಕಾಗುತ್ತದೆ. ದ್ವಾದಶಿಯಂದು ತುಳಸಿ ಕೊಯ್ಯುವಂತಿಲ್ಲ, ಅರ್ಚನೆಯ ಎಲೆ ಮೊದಲೇ ತೆಗೆದಿಡಿ.

ನೆಲ್ಲಿ ಪದವಿನ (ಗುಡ್ಡದ ಮೇಲಿನ ಬಯಲಿನ) ಕಾಡುನೆಲ್ಲಿಯೇ ಆಗಲಿ, ಕಾಯಿ ಇದ್ದ ಕೊಂಬೆ, ಅದೇ ದಿನ ಬೆಳಗ್ಗೆ ಕಡಿದದ್ದು. ಕಡಿದು ಹೊರಗಿಟ್ಟರೆ ಎಲೆ ಮಡಚಿಕೊಂಡು ಸಂಜೆಗೆ ಉದುರುತ್ತದೆ. ಓರೆಯಾಗಿ ಕಡಿದು ನೆರಳಿನಲ್ಲಿ ಬಕೆಟ್ಟಿಗೆ ಹಾಕುತ್ತೇನೆ. ನೀರಿಗೆ ಸೇರಿಸುವ ವಸ್ತು ಒಂದಿದೆ, ಅದನ್ನು ಇನ್ನೆರಡು ಸಲ ನೋಡಿ ಹೇಳುತ್ತೇನೆ.

ನೆಲ್ಲಿಕಾಯಿ ದೀಪಕ್ಕೆ ಕಾಡುಕಾಯಿ ಆಗದು, ಸಣ್ಣದು. ಅಂಗಡಿಯ ದೊಡ್ಡ ಕಾಯಿಯ ತಲೆ ಕೊಯ್ದು ಬೀಜದ ಮೇಲೆ ಸ್ವಲ್ಪ ತೋಡಿದರೆ ಅರ್ಧ ಚಮಚ ತುಪ್ಪ ಹಿಡಿಯುತ್ತದೆ, ಹತ್ತು ನಿಮಿಷ ಉರಿಯುತ್ತದೆ. ಹಣತೆಯಾಗಲಿ ಕಾಯಿದೀಪವಾಗಲಿ ಮಣ್ಣಿನ ಮೇಲೆ ಬೇಡ, ಕೆಳಗಿನ ಮೆಟ್ಟಿಲಿಗೆ ಇರಲಿ. ಚೆಲ್ಲಿದ ಎಣ್ಣೆ ಇಳಿದ ಜಾಗದಲ್ಲಿ ಆಮೇಲೆ ನೀರು ಇಂಗುವುದಿಲ್ಲ. ಕಬ್ಬಿನ ಮಂಟಪದ ಕಾಲುಗಳನ್ನೂ ಹೊರಗಿನಿಂದಲೇ ಕಟ್ಟಿ.

ಅಂಡೆ ಎರಡು ವರ್ಷಕ್ಕೆ ಕುಂಬಾಗುತ್ತದೆ (ಕೊಳೆತು ಪುಡಿಯಾಗುತ್ತದೆ). ಹಳೆಯದನ್ನು ಎಳೆಯದೆ ಒಳಗಿನಿಂದಲೇ ಚೂರು ಮಾಡಿ ತೆಗೆದು, ಅದೇ ಕುಳಿಗೆ ಹೊಸದನ್ನು ಇಳಿಸಿ, ಸಂದಿಗೆ ಹೊಯ್ಗೆ ಸುರಿದು ನೀರು ಹೊಯ್ಯಿರಿ. ಅಷ್ಟು ಹೊತ್ತಿಗೆ ಬೇರು ಅದರ ಸುತ್ತ ಬಳಸಿ ಬೆಳೆದಿರುತ್ತದೆ.